ಎಣಿಸಿ ಸಹಿ ಹಾಕಿದರು, ಓದಲಿಲ್ಲ

ನಾನು ಒಂದು ನೋಟ್‌ಬುಕ್. ಗಟ್ಟಿ ರಟ್ಟಿನದು, ಬೆನ್ನಿಗೆ ಕೆಂಪು ಬಟ್ಟೆ, ಒಳಗೆ ಗೆರೆ ಹಾಕಿದ ಇನ್ನೂರು ಹಾಳೆ. ಮಂಗಳೂರಿನ ಒಂದು ಓಣಿಯ ಬೈಂಡಿಂಗ್ ಅಂಗಡಿಯಲ್ಲಿ ಮೊಯಿದಿನಬ್ಬ ಎಂಬ ಮುದುಕ ನನ್ನನ್ನು ಹೊಲಿದ. ಹುಳ ತಿನ್ನಬಾರದೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದ್ದ. ಹುಳ ತಿನ್ನಲಿಲ್ಲ, ನಿಜ. ತಿಂದಿದ್ದರೂ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅದಾದರೂ ನನ್ನ ಪುಟಗಳ ಒಳಕ್ಕೆ ಹೋಗುತ್ತಿತ್ತು.

ನನ್ನನ್ನು ಕೊಂಡವರು ಕ್ಯಾಪ್ಟನ್ ಲೋಬೊ. ರಜೆ ಮುಗಿಸಿ ಹಿಮದ ನಾಡಿನ ಗಡಿಯ ಒಂದು ಪೋಸ್ಟಿಗೆ ಹೊರಟಿದ್ದರು. ಮೂರು ದಿನ ರೈಲು, ಎರಡು ದಿನ ಲಾರಿ, ಕೊನೆಗೆ ಒಂದು ಹೇಸರಗತ್ತೆಯ ಬೆನ್ನು. ಅಲ್ಲಿ ಹದಿನಾಲ್ಕು ಬಂಕರ್, ಸೀಮೆಎಣ್ಣೆಯ ಒಲೆಗಳು, ಎದುರಿಗೆ ಒಂದು ನಾಲಾ. ಮೇಲಿನ ಹಿಮ ಕರಗಿ ಬರುವ ಹೊಳೆಗೆ ಅಲ್ಲಿ ಎಲ್ಲರೂ ನಾಲಾ ಎನ್ನುತ್ತಾರೆ. ಬೆಳಿಗ್ಗೆ ಮೊಣಕಾಲುದ್ದ, ಮಧ್ಯಾಹ್ನ ಎದೆಯುದ್ದ. ಆಚೆ ದಡದ ಕಾವಲಿಗೆ ಹೋಗಬೇಕೆಂದರೆ ಅದನ್ನೇ ದಾಟಬೇಕು.

ಲೋಬೊ ಸಾಹೇಬರಿಗೆ ಒಂದು ಚಾಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು. ಬಂದ ವಾರದಲ್ಲೇ ನನ್ನ ಮೊದಲ ಪುಟದಲ್ಲಿ ಬರೆದರು: ಈ ನೀರಿನ ಬಗ್ಗೆ ನನಗೆ ಏನೂ ತಿಳಿಯದು. ಆಮೇಲೆ ದಿನಕ್ಕೆ ನಾಲ್ಕು ಸಲ ದಡದಲ್ಲಿ ನೆಟ್ಟ ಕೋಲು ನೋಡಿ ನೀರಿನ ಎತ್ತರ ಬರೆಯತೊಡಗಿದರು. ಅವರ ಅಮ್ಮ ಪಾರ್ಸೆಲ್ ಕಳಿಸುವಾಗ ಹಪ್ಪಳದ ಜೊತೆ ಹಿಮನದಿಗಳ ಮೇಲಿನ ಪುಸ್ತಕಗಳನ್ನೂ ಕಳಿಸುತ್ತಿದ್ದರು. ಅವನ್ನು ಓದುವುದು, ಕೋಲು ನೋಡುವುದು, ಕುರಿ ಕಾಯಲು ಬರುವ ಪುಂಚೋಕ್ ಎಂಬ ಅಜ್ಜನನ್ನು ಕೂರಿಸಿಕೊಂಡು ಕೇಳುವುದು. ಮೂರೂ ಕೂಡಿ ನನ್ನೊಳಗೆ ಇಳಿದವು.

ಅಲ್ಲಿ ಕಳೆದ ಎರಡನೆಯ ಜುಲೈನಲ್ಲಿ ನಲವತ್ತೊಂದನೆಯ ಪುಟ ಬರೆದರು. ಎಂಟು ಸಾಲು, ಇಂಗ್ಲಿಷಿನಲ್ಲಿ, ಮಗುವಿಗೆ ಹೇಳುವ ಹಾಗೆ. ನೀರು ಏರಿದರೆ ಭಯವಿಲ್ಲ, ಇಳಿಯುವ ತನಕ ಕಾಯಿರಿ. ಸುಡು ಬಿಸಿಲಿನ ದಿನ ನೀರು ತಾನಾಗಿ ಕಡಿಮೆಯಾದರೆ, ಬಣ್ಣ ಕೆಸರಾದರೆ, ನೀರಿನಲ್ಲಿರುವವರನ್ನೆಲ್ಲ ಎಬ್ಬಿಸಿ ಮೇಲಕ್ಕೆ ಓಡಿಸಿ. ಮೇಲೆ ಎಲ್ಲೋ ಹಿಮವೋ ಮಣ್ಣೋ ಕುಸಿದು ನೀರನ್ನು ಕಟ್ಟಿದೆ. ಸುಮಾರು ನಲವತ್ತು ನಿಮಿಷದಲ್ಲಿ ಅದು ಒಡೆಯುತ್ತದೆ. ಪುಂಚೋಕನ ಅಜ್ಜ ಹೀಗೆಯೇ ಹೇಳುತ್ತಿದ್ದನಂತೆ. ನಾನೂ ಒಮ್ಮೆ ಕಣ್ಣಾರೆ ನೋಡಿದೆ, ಎಂದು ಸಾಹೇಬರು ಮುಗಿಸಿದ್ದರು.

ಇಷ್ಟೇ. ಇದನ್ನು ಓದಲು ಒಂದು ನಿಮಿಷ ಸಾಕು. ಒಂದೇ ಒಂದು ನಿಮಿಷ, ಮಾರಾಯರೆ.

ಅವರ ಪಲ್ಟಣದ ಅವಧಿ ಮುಗಿಯಿತು. ಪೋಸ್ಟನ್ನು ಒಪ್ಪಿಸಿಕೊಡುವಾಗ ಒಂದು ಪದ್ಧತಿಯಿದೆ. ಹೋಗುವವರು ಪಟ್ಟಿ ಓದುತ್ತಾರೆ, ಬರುವವರು ಎಣಿಸುತ್ತಾರೆ. ಒಲೆ ಒಂಬತ್ತು, ಇದೆ. ಡಬ್ಬಿ ನಲವತ್ತು, ಇದೆ. ಹಗ್ಗ ಆರು ಸುರುಳಿ, ಒಂದು ಸವೆದಿದೆ, ಬರೆದುಕೊಳ್ಳಿ. ಆ ಸವೆದ ಹಗ್ಗಕ್ಕಾಗಿ ಇಪ್ಪತ್ತು ನಿಮಿಷ ವಾದವಾಯಿತು. ನಂತರ ನೋಟ್‌ಬುಕ್ ಒಂದು. ಇದೆ. ಹೊಸ ಮೇಜರ್ ನನ್ನನ್ನು ಎತ್ತಿ, ರಟ್ಟು ನೋಡಿ, ಕೆಳಗಿಟ್ಟ. ಲೋಬೊ ಸಾಹೇಬರು ಇದನ್ನು ದಯವಿಟ್ಟು ಓದಿ ಎಂದರು. ಖಂಡಿತ, ಖಂಡಿತ ಎಂದ. ಸಹಿ ಹಾಕಿದ.

ಮರುದಿನವೇ ನಾನು ಮೇಜಿನ ಕುಂಟು ಕಾಲಿನ ಕೆಳಗೆ. ಆ ಮೇಜರನ ಗೋಡೆಯ ಮೇಲೆ ನಾಲ್ಕು ತರಬೇತಿಯ ಪ್ರಮಾಣಪತ್ರಗಳಿದ್ದವು, ಚೌಕಟ್ಟು ಹಾಕಿಸಿದ್ದು. ಅಷ್ಟೊಂದು ಕಲಿತವನಿಗೆ ಇನ್ನೇನು ಬೇಕು ಹೇಳಿ. ಕಲಿಯುವುದು ಮುಗಿಯಿತು ಎಂದು ತಿಳಿದವನ ಕೈಗೆ ಮೂವತ್ತು ಜನರ ಜೀವ ಕೊಡುತ್ತಾರೆ. ನನಗೆ ಇದೇ ತಿಳಿಯದು.

ಆ ಜುಲೈನಲ್ಲಿ ಒಂದು ದಿನ ನೀರು ಕಡಿಮೆಯಾಯಿತು. ಒಳ್ಳೆಯದಾಯಿತು, ಇವತ್ತು ಸುಲಭವಾಗಿ ದಾಟಬಹುದು ಎಂದು ಮೇಜರ್ ಐವರನ್ನು ಕಳಿಸಿದ. ಮೂವರು ಆಚೆ ತಲುಪಿದರು. ಇಬ್ಬರು ನಡುವೆ ಇದ್ದರು. ಒಬ್ಬನಿಗೆ ಇಪ್ಪತ್ತೆರಡು ವರ್ಷ. ಇನ್ನೊಬ್ಬನಿಗೆ ಹಿಂದಿನ ತಿಂಗಳು ಮಗಳು ಹುಟ್ಟಿದ್ದಳು. ಅವಳ ಫೋಟೊ ಬಂದ ಲಕೋಟೆಯನ್ನು ಅವನು ಅದೇ ಮೇಜಿನ ಮೇಲೆ ಒಡೆದಿದ್ದ.

ವಿಚಾರಣೆ ನಡೆಯಿತು. ಆಕಸ್ಮಿಕ ಪ್ರಕೃತಿ ವಿಕೋಪ ಎಂದು ವರದಿ ಬರೆದರು. ಆಕಸ್ಮಿಕವಂತೆ. ಆ ವರದಿ ಬರೆದ ಮೇಜಿನ ಕಾಲ ಕೆಳಗೇ ನಾನಿದ್ದೆ.

ಅವರೂ ಹೋದರು. ಮೂರನೆಯ ಪಲ್ಟಣ ಬಂತು, ಮತ್ತೆ ಎಣಿಕೆ. ನೋಟ್‌ಬುಕ್ ಒಂದು ಎಂದಾಗ ನಾನು ಸಿಗಲಿಲ್ಲ. ಹುಡುಕಿದರು. ಬಗ್ಗಿ ಮೇಜಿನ ಕೆಳಗಿಂದ ನನ್ನನ್ನು ಎಳೆದವನು ಹವಾಲ್ದಾರ್ ಭರಮಪ್ಪ, ಗೋಕಾಕದ ಕಡೆಯವನು. ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಆಗ ಅಷ್ಟು ಸಾಕಿದ್ದರಿಂದ ಸೇನೆ ಸೇರಿದವನು. ಈಗ ಬಡ್ತಿ ಸಿಕ್ಕಿ ನಾಯಬ್ ಸುಬೇದಾರ್ ಆಗಬೇಕಾದರೆ ಇಂಗ್ಲಿಷಿನ ಪರೀಕ್ಷೆ ಪಾಸಾಗಬೇಕಿತ್ತು. ವಯಸ್ಸು ಮೂವತ್ತೊಂಬತ್ತು. ಇನ್ನೊಂದು ಅವಕಾಶ ತಪ್ಪಿದರೆ ಹಾಸಿಗೆ ಸುತ್ತಿಕೊಂಡು ಊರಿಗೆ.

ಓದಲು ಅಲ್ಲಿ ಇನ್ನೇನೂ ಇರಲಿಲ್ಲವಾದ್ದರಿಂದ ಅವನು ನನ್ನನ್ನು ಓದಿದ. ಒಂದು ಹರಿದ ನಿಘಂಟು ಇಟ್ಟುಕೊಂಡು, ಒಂದು ಸಾಲಿಗೆ ಕಾಲು ಗಂಟೆ ಕೂತು. ತಿಳಿಯದ ಪದದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಅರ್ಥ ಬರೆದ. ಕೆಸರು. ಇದ್ದಕ್ಕಿದ್ದಂತೆ. ಕಟ್ಟೆ ಒಡೆ. ಜೊತೆಗಾರರು ಅವನಿಗೆ ಮಾಸ್ತರ ಎಂದು ಹೆಸರಿಟ್ಟರು. ಮಾಸ್ತರ, ಇವತ್ತು ಹೋಮ್‌ವರ್ಕ್ ಆತೇನು ಎಂದು ಊಟದ ಸಾಲಿನಲ್ಲಿ ರೇಗಿಸಿದರು. ಅವನು ಆತಪಾ ಎಂದು ತಟ್ಟೆ ಚಾಚುತ್ತಿದ್ದ. ಓದಿದ್ದನ್ನು ಪರೀಕ್ಷಿಸಲು ದಡಕ್ಕೆ ಹೋಗಿ ಹೊಸದಾಗಿ ಕೋಲು ನೆಟ್ಟ.

ಅವನ ಮೇಲಧಿಕಾರಿ ಕ್ಯಾಪ್ಟನ್ ಉದಯ ಅರಸ್, ಮೈಸೂರಿನವರು, ವಯಸ್ಸು ಇಪ್ಪತ್ತೇಳು. ಒಳ್ಳೆಯ ಮನುಷ್ಯ. ಹುಡುಗರ ಜೊತೆ ಕೂತು ಉಣ್ಣುತ್ತಿದ್ದರು. ಆದರೆ ಸೇತುವೆ ಕಟ್ಟುವ ತರಬೇತಿಯಲ್ಲಿ ಮೊದಲ ಸ್ಥಾನ ಬಂದದ್ದು ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನಾಲಾಗೆ ಕಾಲುಸೇತುವೆ ಕಟ್ಟುವ ಆದೇಶ ಬಂದಿತ್ತು. ನಡುವೆ ತಂತಿಯ ಬುಟ್ಟಿಗಳಿಗೆ ಕಲ್ಲು ತುಂಬಿ ಕಂಬ ಎಬ್ಬಿಸಬೇಕು.

ಮೂರು ದಿನ ಬೆನ್ನು ಸುಡುವ ಬಿಸಿಲು ಬಿದ್ದ ಮೇಲೆ ನಾಲ್ಕನೆಯ ಬೆಳಿಗ್ಗೆ ನೀರು ಮೊಣಕಾಲಿನಿಂದ ಪಾದಕ್ಕೆ ಇಳಿಯಿತು. ಅರಸ್ ಸಾಹೇಬರು ಖುಷಿಯಿಂದ ಹತ್ತೊಂಬತ್ತು ಜನರನ್ನು ಇಳಿಸಿದರು. ಭರಮಪ್ಪ ಮೇಲಿನಿಂದ ಕಲ್ಲು ಹೊರಿಸುತ್ತಿದ್ದ. ನಾನು ಅವನ ಕೋಟಿನ ಒಳಜೇಬಿನಲ್ಲಿದ್ದೆ. ಅವನು ಕೋಲಿನ ಹತ್ತಿರ ಹೋಗಿ ನಿಂತ. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅವನ ಎದೆ ಹೊಡೆದುಕೊಳ್ಳುವುದು ನನ್ನ ರಟ್ಟಿಗೆ ತಾಗಿತು. ನನ್ನನ್ನು ಹೊರಗೆಳೆದು ನೇರವಾಗಿ ಸಾಹೇಬರ ಬಳಿ ಬಂದ.

"ಸಾಹೇಬ್ರ, ನೀರು ಕಮ್ಮಿ ಆಗೇತ್ರಿ."

"ಅದಕ್ಕೇ ತಾನೆ ಇಳಿಸಿರೋದು, ಭರಮಪ್ಪನವರೆ."

"ಕಮ್ಮಿ ಆಗಬಾರದಿತ್ರಿ. ಇಷ್ಟ್ ಬಿಸಲಿಗೆ ಹೆಚ್ಚಾಗಬೇಕಿತ್ತು. ಹುಡುಗೋರನ್ನ ಮ್ಯಾಲೆ ಕರೀರಿ."

"ಯಾರು ಹೇಳಿದ್ದು ನಿಮಗೆ?"

"ಇದ್ರಾಗ ಬರದಾರ್ರಿ."

"ಆ ಟೇಬಲ್ ಕಾಲಿನ ಪುಸ್ತಕದಲ್ಲಾ? ನೋಡಿ, ನಾನು ಇದೇ ವಿಷಯ ಓದಿ ಪಾಸಾಗಿ ಬಂದವನು. ನೀವು ಮೊದಲು ನಿಮ್ಮ ಪರೀಕ್ಷೆ ಪಾಸ್ ಮಾಡ್ಕೊಳ್ಳಿ."

ಪಕ್ಕದಲ್ಲಿದ್ದವರು ನಕ್ಕರು. ಭರಮಪ್ಪ ನಲವತ್ತೊಂದನೆಯ ಪುಟ ತೆರೆದು ಹಿಡಿದ.

"ಎಂಟು ಸಾಲ ಅದಾವ್ರಿ. ಓದ್ರಿ. ಓದಿದ ಮ್ಯಾಲೆ ಬೈರಿ."

ಸಾಹೇಬರು ಕೈ ಚಾಚಲಿಲ್ಲ. ನನಗೆ ಆಗ ಬಂದ ಸಿಟ್ಟನ್ನು ಏನೆಂದು ಹೇಳಲಿ. ಎರಡು ಗೇಣು ದೂರದಲ್ಲಿದ್ದೇನೆ, ತೆರೆದಿದ್ದೇನೆ, ಅಕ್ಷರ ದುಂಡಗಿವೆ, ಬಿಸಿಲು ಬೇರೆ ಇದೆ. ಇಂಗ್ಲಿಷಿನಲ್ಲೇ ಕಲಿತು ಬೆಳೆದವನು ಓದುವುದಿಲ್ಲ. ನಿಘಂಟು ತಿರುವಿ ತಿರುವಿ ಓದಿದವನು ಬೇಡಿಕೊಳ್ಳುತ್ತಿದ್ದಾನೆ.

ಭರಮಪ್ಪ ಕೊರಳಿನ ಸೀಟಿ ತೆಗೆದು ಮೂರು ಸಲ ಊದಿದ. ಎಲ್ಲ ಬಿಟ್ಟು ಬನ್ನಿ ಎಂಬ ಸಂಕೇತ ಅದು. ಕೆಳಗಿನವರು ಅಭ್ಯಾಸಬಲದಿಂದ ಸಲಿಕೆ ಬಿಸಾಕಿ ದಡ ಹತ್ತಿದರು.

ಸಾಹೇಬರ ಮುಖ ಕೆಂಪಾಯಿತು. ದನಿ ಏರಿಸದೆಯೇ ಹೇಳಿದರು: "ನನ್ನ ಆದೇಶ ಮೀರಿ ಸೀಟಿ ಊದಿದ್ರಿ. ನಿಮ್ಮ ಪ್ರಮೋಷನ್ ಇವತ್ತಿಗೆ ಮುಗೀತು."

"ಮುಗೀಲ್ರಿ. ಇವರು ಮ್ಯಾಲಿರ್ಲಿ."

ಹತ್ತು ನಿಮಿಷ ಏನೂ ಆಗಲಿಲ್ಲ. ಹನ್ನೆರಡು ನಿಮಿಷ. ಮಾಸ್ತರ ಫೇಲ್ ಎಂದು ಯಾರೋ ಹಿಂದಿನಿಂದ ಅಂದ. ಸಾಹೇಬರು ಮತ್ತೆ ಇಳಿಯಿರಿ ಎನ್ನಲು ಬಾಯಿ ತೆರೆದವರು, ಏನನ್ನಿಸಿತೋ, ಭರಮಪ್ಪನ ಕೈಯಿಂದ ನನ್ನನ್ನು ಕಿತ್ತುಕೊಂಡರು. ತಪ್ಪು ಹುಡುಕಿ ಅವನ ಮುಖಕ್ಕೆ ಹಿಡಿಯಬೇಕೆಂದೇ ಕಿತ್ತುಕೊಂಡಿರಬೇಕು. ಆದರೂ ಕಣ್ಣು ಸಾಲಿನ ಮೇಲೆ ಓಡಿತಲ್ಲ. ಮೂರನೆಯ ಸಾಲಿಗೆ ವೇಗ ಕಡಿಮೆಯಾಯಿತು. ಬಣ್ಣ ಕೆಸರಾದರೆ ಎಂಬಲ್ಲಿ ತಲೆ ಎತ್ತಿ ನೀರು ನೋಡಿದರು. ಮತ್ತೆ ಓದಿದರು. ಗಡಿಯಾರ ನೋಡಿದರು.

"ನೀರು ಯಾವಾಗ ಇಳೀತು?"

"ಒಂಬತ್ತೂ ಹತ್ತಕ್ಕರಿ."

"ಹತ್ತು ಗಂಟೆವರೆಗೆ ಯಾರೂ ಇಳಿಯೋದು ಬೇಡ. ಇನ್ನೂ ಮೇಲೆ ಹೋಗಿ."

ಒಂಬತ್ತು ನಲವತ್ತನಾಲ್ಕಕ್ಕೆ ಕಣಿವೆಯ ತಿರುವಿನಲ್ಲಿ ನೂರು ಲಾರಿ ಒಟ್ಟಿಗೆ ಬಂದಂತೆ ಸದ್ದಾಯಿತು. ನೀರಲ್ಲ ಅದು, ಕಲ್ಲು, ಹಿಮ, ಕೆಸರು. ತಂತಿಯ ಬುಟ್ಟಿ, ಹಗ್ಗ, ಸಲಿಕೆ, ಮೂರು ವಾರದ ಕೆಲಸ, ಯಾವುದೂ ಉಳಿಯಲಿಲ್ಲ. ಹತ್ತೊಂಬತ್ತು ಜನ ಎತ್ತರದಲ್ಲಿ ನಿಂತು ನೋಡಿದರು. ಮಾಸ್ತರ ಫೇಲ್ ಎಂದವನು ಕಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಂಡ.

ಆ ಸಂಜೆ ಅರಸ್ ಸಾಹೇಬರು ಭರಮಪ್ಪನ ಬಂಕರಿಗೆ ಬಂದರು. ಕ್ಷಮೆ ಕೇಳಲು ಬಂದವರು ನನ್ನನ್ನು ಮಡಿಲಲ್ಲಿಟ್ಟುಕೊಂಡು, ಈ ಪೆನ್ಸಿಲ್ ಬರಹ ಏನು ಹೇಳಿ ಎಂದರು. ಇಬ್ಬರೂ ಮೊದಲ ಪುಟದಿಂದ ಓದತೊಡಗಿದರು. ಆಮೇಲೆ ಅದೇ ಅಭ್ಯಾಸವಾಯಿತು. ಸಾಹೇಬರು ಇಂಗ್ಲಿಷ್ ಹೇಳಿಕೊಡುವುದು, ಭರಮಪ್ಪ ನೀರು ಹೇಳಿಕೊಡುವುದು. ನೂರಹನ್ನೆರಡನೆಯ ಪುಟದಲ್ಲಿ ಸಾಹೇಬರು ತಮ್ಮ ಕೈಯಾರೆ ಬರೆದರು: ಹನ್ನೆರಡು ನಿಮಿಷ ಈ ಪುಸ್ತಕ ನನ್ನ ಮುಂದೆ ತೆರೆದಿತ್ತು, ನಾನು ಓದಲಿಲ್ಲ. ಅಧಿಕಾರಿ ತನ್ನ ಮೂರ್ಖತನ ಬರೆದಿಟ್ಟಿದ್ದನ್ನು ನಾನು ಅದೊಂದೇ ಸಲ ಕಂಡದ್ದು. ಭರಮಪ್ಪನ ಬಡ್ತಿಗೆ ಶಿಫಾರಸು ಬರೆದವರೂ ಅವರೇ. ಅವನು ಪಾಸಾದ. ಮರುದಿನದಿಂದ ಸಾಹೇಬರು ಅವನನ್ನು ಸಾಬ್ ಎಂದು ಕರೆದರು, ಆ ಹುದ್ದೆಯವರನ್ನು ಅಧಿಕಾರಿಗಳೂ ಹಾಗೆಯೇ ಕರೆಯಬೇಕೆಂಬ ನಿಯಮದಂತೆ.

ಇಲ್ಲಿಗೆ ಮುಗಿದಿದ್ದರೆ ನಾನು ಹೀಗೆ ಕೂಗಾಡುತ್ತಿರಲಿಲ್ಲ.

ಸುದ್ದಿ ಕೆಳಗೆ ಹೋಯಿತು. ಒಬ್ಬ ಬ್ರಿಗೇಡಿಯರ್ ಹೆಲಿಕಾಪ್ಟರಿನಲ್ಲಿ ಬಂದ. ನನ್ನನ್ನು ನೋಡಿ ಅವನ ಕಣ್ಣು ತುಂಬಿದವು. ನಾನೇ ಕಂಡೆ, ನಾಟಕವಲ್ಲ. ನನ್ನ ಖಾಲಿ ಪುಟವೊಂದರಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ: ಈ ಪುಸ್ತಕವನ್ನು ಪ್ರತಿಯೊಬ್ಬ ಅಧಿಕಾರಿಯೂ ಓದಬೇಕು. ಸಹಿ, ತಾರೀಕು. ಬರೆದು ಮುಗಿಸಿ ನನ್ನನ್ನು ತನ್ನ ಚೀಲಕ್ಕೆ ಹಾಕಿಕೊಂಡ. ಇದು ಪಲ್ಟಣದ ಆಸ್ತಿ, ಸ್ಮಾರಕ ಕೋಣೆಯಲ್ಲಿರಬೇಕು ಎಂದ. ಭರಮಪ್ಪ ಸೆಲ್ಯೂಟ್ ಹೊಡೆದು, ನಾಲ್ಕು ದಿನ ಕೊಟ್ಟರೆ ಪೂರ್ತಿ ನಕಲು ಮಾಡಿಕೊಡುತ್ತೇನೆ ಎಂದು ಕೇಳಿದ. ಕೆಳಗೆ ಯಂತ್ರದಲ್ಲೇ ನಕಲು ತೆಗೆಸಿ ಕಳಿಸುತ್ತೇವೆ ಎಂಬ ಉತ್ತರ ಬಂತು. ಹೆಲಿಕಾಪ್ಟರ್ ಎದ್ದಿತು.

ಯಾರೂ ಕಳಿಸಲಿಲ್ಲ. ಅರಸ್ ಸಾಹೇಬರು ಮೂರು ಪತ್ರ ಬರೆದರಂತೆ. ಭರಮಪ್ಪ ನೆನಪಿದ್ದ ಎಂಟು ಸಾಲನ್ನು ಬಂಕರಿನ ಗೋಡೆಗೆ ಕೆಂಪು ಬಣ್ಣದಲ್ಲಿ ಬರೆದನಂತೆ. ಮುಂದಿನವರು ಒಂದು ತಪಾಸಣೆಯ ಮುನ್ನಾದಿನ ಗೋಡೆ ಚೊಕ್ಕ ಕಾಣಲೆಂದು ಸುಣ್ಣ ಬಳಿದರಂತೆ. ಸ್ಮಾರಕ ಕೋಣೆಗೆ ಬಂದುಹೋದವರ ಬಾಯಲ್ಲಿ ಕೇಳಿದ್ದು ಇದೆಲ್ಲ.

ಹತ್ತು ವರ್ಷದಿಂದ ನಾನು ಬಯಲುಸೀಮೆಯ ಈ ಸ್ಮಾರಕ ಕೋಣೆಯಲ್ಲಿದ್ದೇನೆ. ಕೆಳಗೆ ಮಖಮಲ್ಲು, ಮೇಲೆ ಗಾಜು, ಬೀಗ. ಬ್ರಿಗೇಡಿಯರನ ಪುಟವನ್ನೇ ತೆರೆದಿಟ್ಟಿದ್ದಾರೆ. ದೊಡ್ಡ ಅಧಿಕಾರಿಗಳು ಬಂದು, ಓದುವ ನಾಯಕನೇ ನಿಜವಾದ ನಾಯಕ ಎಂದು ನನ್ನ ಮುಂದೆ ನಿಂತು ಭಾಷಣ ಮಾಡುತ್ತಾರೆ. ಚಪ್ಪಾಳೆಯಾಗುತ್ತದೆ. ಗಾಜಿನ ಮೇಲಿನ ಬೆರಳಚ್ಚನ್ನು ಒಬ್ಬ ಸಿಪಾಯಿ ಒರೆಸುತ್ತಾನೆ. ನನ್ನನ್ನು ಮೇಜಿನ ಕಾಲಿಗೆ ಕೊಟ್ಟವನ ಮೇಲೆ ಈಗ ನನಗೆ ಅಷ್ಟು ಸಿಟ್ಟಿಲ್ಲ. ಅವನು ಬೀಗ ಹಾಕಿರಲಿಲ್ಲ. ಬಗ್ಗಿದರೆ ಸಿಗುತ್ತಿದ್ದೆ.

ಇವತ್ತು ಬೆಳಿಗ್ಗೆ ಒಬ್ಬ ಹುಡುಗಿ ಬಂದಳು. ಲೆಫ್ಟಿನೆಂಟ್, ಎದೆಯ ಪಟ್ಟಿಯಲ್ಲಿ ಕೃತ್ತಿಕಾ ಎಂದಿತ್ತು. ನಾಡಿದ್ದು ಅದೇ ಪೋಸ್ಟಿಗೆ ಹೊರಟಿದ್ದಾಳೆ, ಅದೇ ನಾಲಾದ ದಡಕ್ಕೆ. ಬ್ರಿಗೇಡಿಯರನ ಸಾಲು ಓದಿ, ಹಾಗಾದರೆ ತೆಗೆದುಕೊಡಿ, ಓದುತ್ತೇನೆ ಎಂದಳು. ನೋಡಿಕೊಳ್ಳುವ ಹವಾಲ್ದಾರನಿಗೆ ಮುಜುಗರವಾಯಿತು. ಮೇಲಿನಿಂದ ಲಿಖಿತ ಅನುಮತಿ ಬೇಕು, ಮೂರು ತಿಂಗಳಾದರೂ ಹಿಡಿಯುತ್ತದೆ ಎಂದ. ಅವಳು ಗಾಜಿಗೆ ಮೂಗು ತಾಗಿಸಿ ಓರೆಯಾಗಿ ಬಗ್ಗಿ ಕೆಳಗಿನ ಪುಟಗಳ ಅಂಚು ನೋಡಿದಳು. ಅಂಚಿನಲ್ಲಿ ಏನು ಕಾಣುತ್ತದೆ.

ಆಮೇಲೆ ಕೇಳಿದಳು, ಇದನ್ನು ಬರೆದವರು, ಓದಿದವರು ಯಾರಾದರೂ ಸಿಗುತ್ತಾರೆಯೇ ಎಂದು. ಸುಬೇದಾರ್ ಭರಮಪ್ಪ ನಿವೃತ್ತರಾಗಿ ಊರಲ್ಲಿದ್ದಾರೆ, ಫೋನ್ ನಂಬರು ಆಫೀಸಿನಲ್ಲಿ ಸಿಗುತ್ತದೆ ಎಂದ ಹವಾಲ್ದಾರ. ಅಷ್ಟರಲ್ಲಿ ಹೊರಗೆ ಜೀಪಿನ ಹಾರ್ನ್. ಒಮ್ಮೆಯಲ್ಲ, ಎರಡು ಸಲ. ಅವಳು ಗಡಿಯಾರ ನೋಡಿಕೊಂಡು ಹೊರಟಳು.

ಬಾಗಿಲಿನಾಚೆ ಒಂದು ಮೊಗಸಾಲೆ. ಬಲಕ್ಕೆ ಜೀಪು, ಎಡಕ್ಕೆ ಆಫೀಸು. ಬೂಟಿನ ಸದ್ದು ಬಾಗಿಲು ದಾಟಿ ಒಂದು ಕ್ಷಣ ನಿಂತಿದೆ. ಈ ಗಾಜಿನೊಳಗಿಂದ ನನಗೆ ಏನೂ ಕಾಣದು. ಜುಲೈಗೆ ಇನ್ನು ಐದು ವಾರ.

ಎಡಕ್ಕೆ ತಿರುಗು ತಾಯಿ, ಎಡಕ್ಕೆ.