ಟೀಚರ ಬಲಗೈ

ಕಿಟಕಿಯಿಂದ ಮೀನಿನ ವಾಸನೆ, ಕಾಸಿಮೇಡಿನ ಮೀನು ಬಂದರಿನ ಕಡೆಯ ಗಾಳಿ ಇರಬೇಕು, ಮಧ್ಯಾಹ್ನವಾದರೂ ಇಳಿದಿಲ್ಲ, ಫ್ಯಾನು ಅದನ್ನೇ ರಿಹರ್ಸಲ್ ಹಾಲ್ ತುಂಬ ತಿರುಗಿಸುತ್ತಿದೆ, ಅಂಬುಜಾ ಗೋಡೆಗೆ ಒರಗಿ ಮಂಡಿ ನೀವಿಕೊಳ್ಳುತ್ತಾಳೆ, ಈ ಮಂಡಿ ಇನ್ನು ವೇದಿಕೆಗೆ ಆಗುವುದಿಲ್ಲ, ಅದಕ್ಕೇ ಶಿಷ್ಯೆ ಭಾವನಾ ಕುಣಿಯಬೇಕು, ತಾನು ಕಟ್ಟಿದ ನೃತ್ಯವನ್ನು ತಾನೇ ಕೂತು ನೋಡುವ ಸುಸ್ತು ಕುಣಿಯುವ ಸುಸ್ತಿಗಿಂತ ದೊಡ್ಡದು, ಅಕ್ಕಾ, ಇನ್ನೊರು ವಾಟ್ಟಿ ಪಣ್ಣಟ್ಟುಮಾ, ಭಾವನಾ ತಮಿಳಿನಲ್ಲಿ ಕೇಳುತ್ತಾಳೆ, ಹೂಂ, ಇನ್ನೊಂದ್ ಸಲ ಮಾಡಮ್ಮ, ಭಾವನಾ ಎಡಗೈಯಿಂದ ಬಲಗೈಯನ್ನು ಎತ್ತುತ್ತಾಳೆ, ಬಿಡುತ್ತಾಳೆ, ಅದು ಬೀಳುತ್ತದೆ — ಚೆನ್ನಾಗಿ ಬೀಳುತ್ತದೆ, ಅದೇ ಕಷ್ಟ, ತೀರಾ ಚೆನ್ನಾಗಿ — ಆ ಕೈ ಭಾವನಾಳದಲ್ಲ, ತನ್ನದೂ ಅಲ್ಲ, ರತ್ನಾವತಿ ಟೀಚರದು, ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಿಂದ ಅಪ್ಪನ ಸೈಕಲ್ಲಿನಲ್ಲಿ ಹೋಗಿ ಭರತನಾಟ್ಯ ಕಲಿತದ್ದು ಅವರಲ್ಲೇ, ಅರಮಂಡಿ ಇನ್ನೂ ಕೆಳಗೆ, ಮುಖದಲ್ಲಿ ನಗು ಎಲ್ಲೇ ಎಂದು ಗದರುತ್ತಿದ್ದರು, ಆ ನಗುವೇ ಸಾಕಾಗಿ ಗೆಜ್ಜೆ ಬಿಚ್ಚಿಟ್ಟದ್ದು, ಪ್ಯಾಂಟು ತೊಟ್ಟು ಆಧುನಿಕ ನೃತ್ಯವೆಂದು ವೇದಿಕೆಯ ಮೇಲೆ ಹೊರಳಾಡಿದ್ದು, ಏನಮ್ಮಾ, ಇದು ಡಾನ್ಸಾ, ಇಲ್ಲ ಮೈಮೇಲೆ ದೆವ್ವ ಬಂತಾ ಎಂದು ಟೀಚರ್ ಅರ್ಧಕ್ಕೇ ಎದ್ದು ಹೋದದ್ದು, ಆಮೇಲೆ ವರ್ಷಗಟ್ಟಲೆ ಮಾತಿಲ್ಲ, ಮೊದಮೊದಲು ಸಿಟ್ಟೇ ಕುಣಿಸಿತು, ಬರಬರುತ್ತ ನೃತ್ಯದಿಂದ ಒಂದೊಂದನ್ನೇ ಕಳೆಯುತ್ತ ಬಂದಳು, ಕಥೆ ಹೋಯಿತು, ಹಾಡಿನ ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಸಿಡಿಯೂ ಬೇಡವಾಯಿತು, ಉಳಿದದ್ದು ಮೈಯೊಂದೇ, ಆ ಮೈಗೂ ಹೇಳಲು ಏನೂ ಇಲ್ಲದಾದಾಗ ಟೀಚರಿಗೆ ಲಕ್ವ ಹೊಡೆದ ಸುದ್ದಿ, ನೋಡಲು ಹೋದಳು, ಅತ್ತಳು, ಅಳುತ್ತಿದ್ದರೂ ಕಣ್ಣು ಮಾತ್ರ ತಮ್ಮ ಸತ್ತ ಬಲಗೈಯನ್ನು ಅವರು ಎತ್ತಿ ಬಿಡುವುದನ್ನು ಕಲಿತುಕೊಳ್ಳುತ್ತಿತ್ತು, ಥೂ.

ಈಗ ಬಾಗಿಲಲ್ಲಿ ಗಾಲಿಕುರ್ಚಿ, ಅದರಲ್ಲಿ ಟೀಚರ್, ತಳ್ಳಿಕೊಂಡು ಬಂದವನು ಟೀಚರ ಮಗ ಸದಾನಂದ, ನಿಮ್ ಹೊಸಾ ಡಾನ್ಸ್ ನೋಡ್ಲೇಬೇಕಂತೆ ಅಂಬುಜಕ್ಕಾ, ಒಂದೇ ಹಠ, ಭಾವನಾ, ನಿಲ್ಲಿಸು ಎಂದು ಅಂಬುಜಾ ಅನ್ನಬೇಕಿತ್ತು, ಅಷ್ಟರಲ್ಲಿ ಭಾವನಾ ಮತ್ತೆ ಕೈ ಎತ್ತಿ ಬಿಟ್ಟಾಯಿತು, ಟೀಚರ್ ತಮ್ಮ ಕೈಯನ್ನು ಹರೆಯದ ಮೈಯಲ್ಲಿ ನೋಡುತ್ತಿದ್ದಾರೆ, ಎದ್ದು ಹೋಗಲು ಅವರಿಗೀಗ ಕಾಲಿಲ್ಲ, ತಪ್ಪು, ಸೊಟ್ಟ ಬಾಯಿಂದ ಒಂದೇ ಮಾತು, ತಪ್ಪು ಕಣೇ, ಅಂಬುಜಾ ನೋಯುವ ಮಂಡಿಯೂರಿ ಅವರ ಮುಂದೆ ಕೂರುತ್ತಾಳೆ, ಕ್ಷಮಿಸಿ ಟೀಚರ್, ಆ ಭಾಗ ತೆಗೆದುಬಿಡ್ತೀನಿ, ಟೀಚರ್ ಬೇಡವೆಂದು ತಲೆಯಾಡಿಸುತ್ತಾರೆ, ಹಂಗ್ ಬೀಳಲ್ಲ, ನೋಡು — ಎಡಗೈ ಬಲಗೈಯನ್ನು ಎತ್ತುತ್ತದೆ, ಬಿಡುತ್ತದೆ, ಕೈ ತೊಡೆಯ ಮೇಲೆ ಬೀಳುತ್ತದೆ, ಕಿರುಬೆರಳು ಮಾತ್ರ ಬೀಳದೆ ನಡುಗುತ್ತ ನಿಂತಿದೆ, ಕಂಡ್ತಾ, ಮತ್ತೆ ಎತ್ತುತ್ತಾರೆ, ಮತ್ತೆ ಬೀಳುತ್ತದೆ, ಮತ್ತೆ ಆ ಕಿರುಬೆರಳು, ಅಕ್ಕಾ, ಅಕ್ಕಾ ಎಂದು ಭಾವನಾ ಕರೆಯುತ್ತಿದ್ದಾಳೆ, ಅಂಬುಜಾಳ ಕಣ್ಣು ಮತ್ತೆ ಕಲಿತುಕೊಳ್ಳುತ್ತಿದೆ, ಬೆರಳು, ಬೀಳದ ಆ ಒಂದು ಬೆರಳು —