ಹಿಂದಿ ಬಾರದವರ ಸಲುವಾಗಿ

ಮತ್ತೆ ಹೊಗೆ, ತೆರೆಯ ಎಡಮೂಲೆಯಿಂದ ಸರಿದು ಬಂದು ಮೆಟ್ಟಿಲ ಮೇಲೆ ಹರಡುತ್ತದೆ, ಇದು ಮಂಜು ಅಂತೆ, ಯಾವ ಮಂಜು ಹೀಗೆ ಒಂದೇ ಮೂಲೆಯಲ್ಲಿ ಹುಟ್ಟಿ ನಾಯಕಿಯ ಸೆರಗನ್ನೇ ಹುಡುಕಿಕೊಂಡು ಬರುತ್ತದೆ, ಗೋಡೆಯ ಆಚೆ ಯಾವನೋ ಕುಕ್ಕರಗಾಲಲ್ಲಿ ಕೂತು ಕೆಂಡಕ್ಕೆ ಲೋಬಾನ ಹಾಕಿ ಊದುತ್ತಿರಬೇಕು, ಊರಲ್ಲಿ, ಬಾದನಹಟ್ಟಿಯಲ್ಲಿ, ಎಮ್ಮೆಗೆ ಸೊಳ್ಳೆ ಕಡಿಯಬಾರದೆಂದು ಬೇವಿನ ಸೊಪ್ಪು ಸುಡುತ್ತಾರಲ್ಲ, ಅದೇ ಹೊಗೆ, ಅಲ್ಲಿ ಎಮ್ಮೆ ಕೆಮ್ಮುತ್ತದೆ, ಇಲ್ಲಿ ಇವಳು ಹಾಡುತ್ತಾಳೆ — ಕೊಟ್ಟೂರಪ್ಪ ತೊಡೆ ಕೆರೆದುಕೊಂಡು ಸರಿದು ಕೂತ, ಸೀಟಿನ ತಗಣಿ ಕಡಿದಿತ್ತು, ಈ ಟಾಕೀಸಿನಲ್ಲಿ ಮೈ ಜುಮ್ಮೆನ್ನಿಸುವುದು ಅದೊಂದೇ. ಹೊರಗೆ ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ, ಗುಡ್ಡದ ಬಂಡೆ ಮುಟ್ಟಿದರೆ ಬೊಬ್ಬೆ ಏಳುತ್ತದೆ, ಒಳಗೆ ಜನ ಮಂಜು ನೋಡಿ ಸೆರಗು ಹೊದ್ದು ಮುದುಡಿಕೊಂಡಿದ್ದಾರೆ, ಹುಟ್ಟಿದಾಗಿನಿಂದ ಮಂಜು ಕಾಣದವರು, ಕಾಣದ್ದಕ್ಕೇ ಹೆದರಿಕೆ, ಮಂಜು ಸುಳ್ಳು, ಬಂಗಲೆ ರಟ್ಟು, ಬಾಗಿಲಿನ ಕಿರ್ ಎನ್ನುವ ಸದ್ದು ಬಾಗಿಲಿನದಲ್ಲ, ಎಣ್ಣೆ ಕಾಣದ ರಾಟೆಯದು, ಕಥೆ ಹೇಳಲು ಬಾರದವನು ದೀಪ ಆರಿಸುತ್ತಾನೆ, ಇವರ ನಿಗೂಢ ಅಂದರೆ ಅಷ್ಟೆ. ಆ ಲಾಟೀನಿನ ಮುದುಕನನ್ನು ನೋಡು, ಒಂದು ಕಣ್ಣಿಗೆ ಹೂ ಬಿದ್ದಿದೆ, ಇಂಥ ಪ್ರತಿ ಚಿತ್ರದಲ್ಲೂ ಇಂಥವನೊಬ್ಬನಿಗೆ ಇದೇ ನೌಕರಿ, ಹೆದರಿಸುವುದು, ಕೊಲೆ ಮಾಡುವ ಯೋಗ್ಯತೆ ಬಡವನಿಗೆಲ್ಲಿ, ಮಾಡುವವನು ಆ ಬಿಳಿ ಕೋಟಿನ ಚಿಕ್ಕಪ್ಪ, ಬಂದ ಕೂಡಲೇ ನಾಯಿಯನ್ನು ಮುದ್ದು ಮಾಡಿದ, ಅಲ್ಲಿಗೇ ಗೊತ್ತಾಯಿತು. ಹಾಸ್ಟೆಲಿನ ಲೈಬ್ರರಿಯಲ್ಲಿ ಇಂಥ ಪತ್ತೇದಾರಿ ಕಾದಂಬರಿಗಳದೇ ಒಂದು ಕಪಾಟಿದೆ, ಓದಿ ಮುಗಿಸಿದ ಪ್ರತಿಯೊಂದರ ಮೊದಲ ಪುಟದಲ್ಲಿ ಅವನು ಪೆನ್ಸಿಲಿನಿಂದ ಕೊಲೆಗಾರನ ಹೆಸರು ಬರೆದಿಡುತ್ತಾನೆ, ಹುಡುಗರು ಬೈಯುತ್ತಾರೆ, ಬೈಯಲಿ, ಹೆಸರು ಗೊತ್ತಾದರೆ ಓದಲು ಏನೂ ಉಳಿಯದ ಪುಸ್ತಕದಲ್ಲಿ ಮೊದಲಾದರೂ ಏನಿತ್ತು.

ಏನಂದಳಲೇ ಆಕಿ, ಪಕ್ಕದಲ್ಲಿ ಕೂತ ಸೋದರತ್ತೆ ಮೊಣಕೈಯಿಂದ ತಿವಿದಳು, ಯಾರೋ ಕರದಂಗಾತು ಅಂತಾಳ, ಅವನು ಅಂದ, ಯಾರು ಕರದ್ರು, ಗಾಳಿ, ಗಾಳಿ ಎಲ್ಲೆರ ಕರಿತತೇನಲೇ, ಸಿನಿಮಾದಾಗ ಕರಿತತಿ ಅತ್ತಿ, ಸುಮ್ನೆ ನೋಡು — ಹಿಂದಿನ ಸಾಲಿನಿಂದ ಎಲೆ ಅಡಿಕೆಯ ವಾಸನೆಯೊಂದು ಮುಂದಕ್ಕೆ ಬಾಗಿತು, ತಮ್ಮಾ, ಜರಾ ಗಟ್ಟಿಗೆ ಹೇಳಪಾ, ನಮಗೂ ಹಿಂದಿ ತಿಳಿಯಂಗಿಲ್ಲ, ತೆಲುಗಾದ್ರ ಹೆಂಗೋ ಬಗಿಹರಿಸ್ತಿದ್ವಿ, ಅಂತೂ ಒಂದು ಸಾಲು ಹೆಂಗಸರಿಗೆ ಈಗ ಅವನೇ ಸಿನಿಮಾ, ಅವನ ಹಿಂದಿಯೋ, ಕೌಲ್ ಬಜಾರಿನ ಗೆಳೆಯರು ಕಲಿಸಿದ್ದು, ಬೈಗುಳದಿಂದ ಶುರುವಾದದ್ದು, ಆದರೂ ಈ ನಾಯಕಿಗೆ ಅಷ್ಟು ಸಾಕು, ಕೌನ್ ಹೈ ಬಿಟ್ಟು ಬೇರೆ ಮಾತು ಅವಳಿಗೂ ಬಂದಂತಿಲ್ಲ. ಕುರುಗೋಡಿನ ಸಂತೆಯಲ್ಲಿ ಯಾವಳೋ ಅತ್ತೆಗೆ ಹೇಳಿದ್ದಳು, ನಿನ್ನ ಕಥಿನೇ ಸಿನಿಮಾ ಮಾಡ್ಯಾರ ಹೊನ್ನೂರಮ್ಮ, ಕಳದುಹೋದ ಗಂಡನ ಕಥಿ, ಕಡೀಕೆ ಬರತಾನೋ ಇಲ್ಲೋ ಹೇಳಂಗಿಲ್ಲ, ನೀನ ಹೋಗಿ ನೋಡು, ಹೇಳಿ ತನ್ನ ಮೆಣಸಿನಕಾಯಿ ತೂಗಿಸಿಕೊಂಡು ಹೋದಳು, ಅಂದಿನಿಂದ ಮನೆಯಲ್ಲಿ ಅತ್ತೆಯದು ಒಂದೇ ಹಟ, ಆ ಪಿಚ್ಚರ್ ನೋಡೋತನಕ ನನ್ನ ಏನೂ ಕೇಳಬ್ಯಾಡ್ರಿ. ಅಪ್ಪ ತಿಪ್ಪೇರುದ್ರಪ್ಪ ಹಾಸ್ಟೆಲಿನ ಬಾಗಿಲಿಗೇ ತಂಗಿಯನ್ನು ಕರೆತಂದು ಬಿಟ್ಟು, ತೋರಿಸಿಕೊಂಡು ಬಾ, ನಾಳೆ ಸಿರುಗುಪ್ಪದವರು ಬರತಾರ, ಇದ ಕಡೀ ಸಲ ಅಂದಾರ, ಹೂಂ ಅಂದ್ರ ಉಡಿಕಿ ಮಾಡಿ ಎರಡನೇ ಮನಿಗೆ ಕಳಸೂದು, ಇಲ್ಲಾಂದ್ರ ಅವರು ಬ್ಯಾರೆ ಹೆಣ್ಣು ನೋಡ್ಕೊಂತಾರ ಅಂದ, ಕಣ್ಣು ಎತ್ತದೆ, ಮಗನ ಚಪ್ಪಲಿಯೊಂದಿಗೆ ಮಾತಾಡುವವನ ಹಾಗೆ.

ಅತ್ತೆಯ ಗಂಡ ಮೈಲಾರಪ್ಪ ಮಾವ ಎತ್ತಿಗೆ ಹಗ್ಗ ತರುತ್ತೇನೆಂದು ಬಳ್ಳಾರಿ ಬಸ್ಸು ಹತ್ತಿದವನು, ನೆತ್ತಿಯ ಮೇಲೆ ಬಿಸಿಲು, ನೆರಳು ಕಾಲಡಿ ಸೇರಿತ್ತು, ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದೆ ಎಂದು ಕಂಡಕ್ಟರ್ ಹೇಳಿದ, ಇಲ್ಲಿಗೆ ಬರಲೇ ಇಲ್ಲ ಎಂದು ಹಗ್ಗದ ಅಂಗಡಿಯವನು ಹೇಳಿದ, ನಡುವೆ ಇದ್ದದ್ದು ಒಂದು ರಸ್ತೆ, ಎರಡೂ ಬದಿ ಅಂಗಡಿ, ಜಟಕಾ, ಬಾಳೆಹಣ್ಣಿನ ಗಾಡಿ, ಆ ರಸ್ತೆಯಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ಇಲ್ಲವಾದ, ಗುಡುಗಿಲ್ಲ, ಹಾಡಿಲ್ಲ, ಲಾಟೀನಿಲ್ಲ — ನಿಜವಾದ ನಿಗೂಢಕ್ಕೆ ಬೆಳಕು ಬೇಕಾದಷ್ಟಿರುತ್ತದೆ, ಇದನ್ನು ತೆಗೆಯಲಿ ನೋಡೋಣ ಯಾವನಾದರೂ, ತೆಗೆಯುವುದಿಲ್ಲ, ಕೊನೆಯಿಲ್ಲದ ಕಥೆಗೆ ಟಿಕೆಟ್ ಹರಿಯುವುದಿಲ್ಲ. ಸತ್ತನೋ, ಗುಂತಕಲ್ಲಿನಲ್ಲಿ ಇನ್ನೊಂದು ಸಂಸಾರ ಹೂಡಿದನೋ, ಕೊಟ್ಟೂರಪ್ಪನಿಗೆ ಎರಡೂ ಒಂದೇ, ಅವನು ಆಗ ಆರನೆಯ ಇಯತ್ತೆಯಲ್ಲಿದ್ದ, ಈಗ ಬಿ.ಎ., ಅತ್ತೆ ಮಾತ್ರ ಅದೇ ಮಧ್ಯಾಹ್ನದಲ್ಲಿ ನಿಂತಿದ್ದಾಳೆ. ಹಿರಿಯರು ಕಟ್ಟೆಯ ಮೇಲೆ ಕೂತು ಉಡಿಕೆಯ ಮಾತು ಎತ್ತಿದಾಗಲೆಲ್ಲ ಅವಳು ಅನ್ನುವುದು ಎರಡೇ ಶಬ್ದ, ಅವರು ಬಂದ್ರ, ಅಷ್ಟಕ್ಕೆ ರುಮಾಲುಗಳೆಲ್ಲ ತಲೆ ತಗ್ಗಿಸುತ್ತವೆ. ಸಿರುಗುಪ್ಪದವನು ಏನೂ ಕೆಟ್ಟವನಲ್ಲ, ಹೆಂಡತಿ ಸತ್ತವನು, ಅಕ್ಕಿ ಗಿರಣಿಯಲ್ಲಿ ಕೆಲಸ, ಹುಬ್ಬಿನಲ್ಲಿ ಯಾವಾಗಲೂ ತೌಡು, ಮಿಷನ್ನಿನ ಸದ್ದಿಗೆ ಕಿವಿ ಮಂದ, ಹೋದ ಸಲ ಬಂದವನು ಚಹ ಚಲೋ ಐತ್ರಿ ಎಂದು ಓಣಿಗೆಲ್ಲ ಕೇಳಿಸುವ ಹಾಗೆ ಕಿರುಚಿದ, ಒಳಗೆ ಅತ್ತೆ ನಕ್ಕದ್ದನ್ನು ಕೊಟ್ಟೂರಪ್ಪ ನೋಡಿದ್ದಾನೆ, ಕೂಡಲೇ ಬಾಯಿಗೆ ಸೆರಗು ಅಡ್ಡ ಹಿಡಿದದ್ದನ್ನೂ.

ಇಲ್ಲಿ ತೆರೆಯ ಮೇಲೆ ಚಿಕ್ಕಪ್ಪ ಪಿಸ್ತೂಲು ತೆಗೆದ, ತಡವಾಯಿತು, ಇಷ್ಟು ಹೊತ್ತು ಏನು ಮಾಡುತ್ತಿದ್ದ, ಮತ್ತೆ ಮೂಲೆಯಿಂದ ಹೊಗೆ, ಹೊಗೆ ಸೀಳಿಕೊಂಡು ಒಬ್ಬ ಬರುತ್ತಾನೆ, ಮೊದಲನೇ ರೀಲಿನಲ್ಲಿ ಕಾಣೆಯಾದ ನಾಯಕಿಯ ಗಂಡ, ಅದೇ ಮುಖ, ಅದೇ ಮಫ್ಲರು, ಇಸ್ತ್ರಿ ಕೆಟ್ಟಿಲ್ಲ, ಮುಂದಿನ ಬೆಂಚುಗಳು ಸೀಟಿ ಹೊಡೆದವು, ನಾನೇ ಅಂತ ಅವನು ಹಿಂದಿಯಲ್ಲಿ ಶುರುಮಾಡಿದ, ಸಾಯಲಿಲ್ಲ, ಕೊಲೆಗಾರನನ್ನು ಹಿಡಿಯಲು ಅಡಗಿದ್ದೆ, ಪೊಲೀಸರಿಗೆ ಗೊತ್ತಿತ್ತು, ನಿನಗೆ ಹೇಳಲಿಲ್ಲ, ಹೆಂಡತಿಗೆ ಮಾತ್ರ ಹೇಳಲಿಲ್ಲವಂತೆ, ಕತ್ತೆ, ಆ ಕತ್ತೆಗೆ ಸೀಟಿ — ಅತ್ತೆಯ ಕೈ ಅವನ ಮಣಿಕಟ್ಟು ಹಿಡಿಯಿತು, ಬಳೆ ಒತ್ತಿತು, ಬಂದ್ನಲೇ, ಅಂದಳು, ಕೇಳಿದ್ದಲ್ಲ, ಅಂದದ್ದು, ಆ ದನಿ ಎಂಟು ವರ್ಷದಲ್ಲಿ ಅವನು ಕೇಳಿರದ ದನಿ, ನಾಳೆ ಆ ದನಿ ಕಟ್ಟೆಯ ಮುಂದೆ ಇಲ್ಲ ಅನ್ನುತ್ತದೆ, ನಾಡಿದ್ದೂ, ಲೋಬಾನದ ಹೊಗೆಗೆ ಒಂದು ಜೀವಮಾನ, ನೋಡು, ಯಾರೋ ಪರದೇಶಿ ಸೆಟ್ ಹಾಕಿ ತೆಗೆದ ಸುಳ್ಳಿಗೆ — ಇಂವ ಆತ ಅಲ್ಲ ಅತ್ತಿ, ಅಂದುಬಿಟ್ಟ.

ಯಾರದು ಮತ್ತ. ಅವಳಿ ತಮ್ಮ, ಅವನ ನಾಲಿಗೆ ಎಲ್ಲೂ ತಡವರಿಸಲಿಲ್ಲ, ಕೊಲೆಗಾರನ ಹೆಸರು ಬರೆದಷ್ಟೇ ಸಲೀಸು, ಆತ ಮೊದಲನೇ ದಿನಾನ ಸತ್ತಾನ, ಚಿಕ್ಕಪ್ಪ ಕೆರಿಗೆ ದೂಡ್ಯಾನ, ಇಂವ ಈಗ ಬಂದಾನ. ಅಯ್ಯ ಶಿವನೆ, ಹಿಂದಿನ ಎಲೆ ಅಡಿಕೆ ನಿಟ್ಟುಸಿರು ಬಿಟ್ಟಿತು, ಅದಕ ಅಂತೀನಿ, ಮಾರಿ ಜರಾ ಬ್ಯಾರೇನ ಕಂಡಿತು. ತೆರೆಯ ಮೇಲೆ ನಾಯಕಿ ಅವನ ಎದೆಯಿಂದ ಮುಖ ಎತ್ತಿ ನಕ್ಕಳು, ಕ್ಯಾಮೆರಾ ಹತ್ತಿರ ಹೋಯಿತು, ಇನ್ನೂ ಹತ್ತಿರ, ಬಾಯಿ ಬಾಗಿಲಿನಷ್ಟಾಯಿತು, ಮೇಲಿನ ಸಾಲಿನಲ್ಲಿ ಒಂದು ಹಲ್ಲು ಓರೆ, ಇಷ್ಟು ಹೊತ್ತು ಕತ್ತಲೆಯಲ್ಲಿ ಮುಚ್ಚಿಟ್ಟಿದ್ದರು. ಮತ್ತ ಆಕಿ ಯಾಕ ನಗಾಕತ್ಯಾಳ, ಅತ್ತೆ ಕೇಳಿದಳು. ಆಕಿಗೆ ಗೊತ್ತಿಲ್ಲ ಅತ್ತಿ, ಗಂಡನ ಅಂತ ತಿಳಕೊಂಡಾಳ. ಮಣಿಕಟ್ಟಿನ ಮೇಲಿನ ಕೈ ಸಡಿಲಿತು.

ದೀಪ ಹತ್ತಿತು, ಹೊರಗೆ ಬಿಸಿಲು ಇನ್ನೂ ಹಾಗೇ ಕೂತಿದೆ, ಎರಡೂ ಕಣ್ಣು ಮುಚ್ಚಿ ತೆರೆದರೆ ಆ ಓರೆ ಹಲ್ಲು, ಗೆದ್ದೆ ಅಂದುಕೊಳ್ಳಬೇಕು, ಅಂದುಕೊಂಡ, ಒಬ್ಬ ಗಂಡಸನ್ನು ಕೊಂದದ್ದು, ಅದೂ ರಟ್ಟಿನ ಗಂಡಸನ್ನು, ಮಹಾ ಏನು. ಕುರುಗೋಡಿನ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಳು, ಸೀಟು ಕಾದಿದೆ, ಸೆರಗು ಮಡಚಿ ಹಾಸಿಕೊಂಡಳು, ಅವನು ಕೆಳಗೆ ಕಿಟಕಿಯ ಸರಳು ಹಿಡಿದು ನಿಂತಿದ್ದ, ಮಾತಿಗಿರಲಿ ಎಂದು, ಹೆಂಗಿತ್ತತ್ತಿ ಪಿಚ್ಚರ್ ಅಂದ. ಅವಳು ಅವನನ್ನು ನೋಡಿದಳು, ಸಣ್ಣ ಹುಡುಗರನ್ನು ನೋಡುವ ಹಾಗೆ. ಆಕಿಗೆ ಗೊತ್ತೈತಿ ಲೇ ಕೊಟ್ರಾ, ಅಂದಳು, ಗಂಡ ಯಾರು, ಗಂಡ ಅಲ್ಲದಾತ ಯಾರು, ಹೆಂಡ್ತಿಗೆ ತಿಳಿಲಾರದೇನು, ಎದಿಗೆ ಮಾರಿ ಇಟ್ಟ ಮ್ಯಾಲೂ ತಿಳಿಲಾರದೇನು, ಗೊತ್ತಿದ್ದ ನಕ್ಕಾಳ. ಡ್ರೈವರ್ ಹತ್ತಿದ, ಬಸ್ಸು ನಡುಗತೊಡಗಿತು, ಅದರ ಸದ್ದಿಗೂ ಮೇಲೆ ಅವಳು ದನಿ ಎತ್ತಿದಳು, ಈಗಿನಿಂದಲೇ ಕಿವಿ ಮಂದದವನೊಂದಿಗೆ ಮಾತಾಡುವವಳ ಹಾಗೆ, ನಿಮ್ಮಪ್ಪಗ ನಾನ ಹೇಳ್ತೀನಿ, ಬರ್ಲಿ ಸಿರುಗುಪ್ಪದವರು, ನಾನೂ ನಗತೀನಿ — ಬಸ್ಸು ಹೋಯಿತು, ಧೂಳು ಎದ್ದಿತು, ಕೂತಿತು, ನಟಿ ಅದು, ದುಡ್ಡು ಕೊಟ್ಟರೆ ಯಾರ ಎದೆಯ ಮೇಲಾದರೂ ನಗುತ್ತಾಳೆ, ನಟಿ, ಗೊತ್ತಿದ್ದೇ ನಕ್ಕವಳಲ್ಲ, ಗೊತ್ತಿದ್ದೇ, ಅಲ್ಲ, ಬಾಗಿಲಿನಷ್ಟು ಬಾಯಿ, ಮೇಲಿನ ಸಾಲು, ಓರೆ ಹಲ್ಲು, ಆ ಒಂದು ಹಲ್ಲು.