ಗಿಡ್ಡಪ್ಪ ಕಾಯ್ದ ಎಣ್ಣೆ

ಹಾರ ಹಾಕಲು ಬಗ್ಗಿದ ಜಯದೇವಪ್ಪನವರ ಕೈಯನ್ನು ಮುನಿಯಮ್ಮ ಗಟ್ಟಿಯಾಗಿ ಹಿಡಿದುಕೊಂಡಳು. ಚಟ್ಟದ ಮೇಲೆ ಗಂಡ ಗಿಡ್ಡಪ್ಪ ಮಲಗಿದ್ದ.

"ಸಾರ್, ಇವ್ರ ಕೆಲ್ಸ ನಮ್ಮ ರವೀಗೇ ಅಲ್ವ್ರಾ? ನೀವೇ ಹೇಳಿದ್ರಿ."

"ಮೊದ್ಲು ಮಣ್ಣಾಗ್ಲಿ ಕಣಮ್ಮ" ಎಂದು ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು. ಗಂಡಸಿ ಹತ್ತಿರದ ಕರೆಂಟಿನ ಕಾರ್ಖಾನೆಗೆ ಮ್ಯಾನೇಜರ್ ಆಗಿದ್ದವರು. ಜಾರಿಕೊಳ್ಳುವ ಮಾತಿಗೆ ಅವರಲ್ಲಿ ಎಂದೂ ಬರವಿರಲಿಲ್ಲ.

*

ತೆಂಗಿನ ಮಟ್ಟೆ ಸುಟ್ಟು ಕರೆಂಟು ತೆಗೆಯುವ ಆ ಕಾರ್ಖಾನೆಯಲ್ಲಿ ಗಿಡ್ಡಪ್ಪನದು ಟರ್ಬೈನಿನ ಎಣ್ಣೆ ನೋಡಿಕೊಳ್ಳುವ ಕೆಲಸ. ಕಾದು ಕಾದು ಕೆಟ್ಟ ಎಣ್ಣೆ ಒಳಗೆಲ್ಲ ಕಂದು ಅಂಟಾಗಿ ಮೆತ್ತಿಕೊಳ್ಳುತ್ತದೆ. ವಾರ್ನಿಷ್ ಅನ್ನುತ್ತಾರೆ ಅದಕ್ಕೆ. ಅದು ಕೂತರೆ ವಾಲ್ವು ಹಿಡಿದುಕೊಂಡು ಯಂತ್ರ ಹೇಳಿದ ಮಾತು ಕೇಳುವುದಿಲ್ಲ. ಯಂತ್ರ ನಿಂತು ಎಣ್ಣೆ ತಣ್ಣಗಾದರೆ ಇನ್ನೂ ಬೇಗ ಕೂರುತ್ತದೆ.

ಕಾರ್ಖಾನೆಗೆ ಬೀಗ ಬಿದ್ದಾಗ ಜಯದೇವಪ್ಪ ಮಾತು ಕೊಟ್ಟಿದ್ದರು: ಎಣ್ಣೆ ಕೆಡದಂತೆ ನೋಡಿಕೋ, ಮತ್ತೆ ತೆರೆದರೆ ನಿನ್ನ ಮಗನಿಗೆ ಕೆಲಸ. ಅದನ್ನು ನಂಬಿ ಗಿಡ್ಡಪ್ಪ ಸಂಬಳವಿಲ್ಲದೆ ದಿನಾ ಸೈಕಲ್ ತುಳಿದ. ಕಾವಲುಗಾರನ ಕೋಣೆಯಿಂದ ಕರೆಂಟು ಎಳೆದು ಫಿಲ್ಟರಿನ ಪಂಪು ಹಾಕಿ, ಎಣ್ಣೆ ಸೋಸಿ ಬರುತ್ತಿದ್ದ. ಮಗಳು ರಮಾಳ ಹೆರಿಗೆಯ ದಿನವೂ ತಪ್ಪಿಸಲಿಲ್ಲ. ಊರವರು ನಕ್ಕರು. ಹುಚ್ಚು ಅಂದರೆ ಹುಚ್ಚೇ.

*

ಗುಂಡಿಗೆ ಮಣ್ಣು ಎಳೆದಾದ ಮೇಲೆ ಮಗ ರವಿಕುಮಾರ್ ಕೈಕಾಲು ತೊಳೆದು ಬೈಕಿನ ಹತ್ತಿರ ಬಂದ. ಜಯದೇವಪ್ಪ ಅಲ್ಲೇ ನಿಂತಿದ್ದರು.

"ಅಪ್ಪ ಮಲಗಿದಾಗ್ಲಿಂದ ಪಂಪ್ ಹಾಕಿಲ್ಲ ಸಾರ್. ಹಾಕ್ಬುಟ್ಟು ಬತ್ತೀನಿ. ಅವ್ವನೇ ಕಳಿಸ್ತು."

"ಹೋಗ್ಬೇಡ ಕಣೋ. ಟರ್ಬೈನ್ ಮಾರಿ ಆಯ್ತು."

"ತಗಂಡೋರು ಓಡಿಸ್ತಾರಾ?"

"ಗುಜರಿಗೆ ಹೋಗಿದೆ. ಕಬ್ಬಿಣದ ತೂಕಕ್ಕೆ."

ಅಪ್ಪನಿಗೆ ಗೊತ್ತಿತ್ತೇ ಎಂದು ರವಿ ಕೇಳಿದ. ಹೋದ ವರ್ಷವೇ ತೀರ್ಮಾನವಾಗಿತ್ತು, ಹೇಳಲು ಬಾಯಿ ಬರಲಿಲ್ಲ ಎಂದರು ಜಯದೇವಪ್ಪ.

ಪಂಪು ಹಾಕಿದೆಯಾ ಎಂದು ಬಾಗಿಲಲ್ಲೇ ಕೇಳುವ ಅವ್ವನ ಎದುರು ಹೋಗಿ ನಿಲ್ಲಲಾರದೆ ರವಿ ಕಾರ್ಖಾನೆಯ ಕಡೆಗೇ ಬೈಕ್ ತಿರುಗಿಸಿದ.

ಗೇಟು ಹಾರುಹೊಡೆದಿತ್ತು. ಗ್ಯಾಸ್ ಕಟರಿನವರು ಟರ್ಬೈನನ್ನು ಎರಡು ಹೋಳು ಮಾಡಿ ಊಟಕ್ಕೆ ಕೂತಿದ್ದರು. ಆಚೆ, ಅದರ ಎಣ್ಣೆ ಬಸಿದಿಟ್ಟ ಡ್ರಮ್ಮಿನ ಪಕ್ಕ, ಎದುರಿನ ಕಟ್ಟಡದ ಗಾರೆಯವನೊಬ್ಬ ಸೆಂಟ್ರಿಂಗ್ ಹಲಗೆಗಳನ್ನು ಸಾಲಾಗಿ ಹಾಸಿಕೊಂಡು, ಕಾಂಕ್ರೀಟು ಅಂಟದಿರಲೆಂದು ಮೋಟು ಪೊರಕೆ ಅದ್ದಿ ಅದ್ದಿ ಎಣ್ಣೆ ಬಳಿಯುತ್ತಿದ್ದ. ಎಣ್ಣೆ ಎಷ್ಟು ತಿಳಿಯಾಗಿತ್ತೆಂದರೆ, ಹಲಗೆಯ ಒಂದೊಂದು ಗಂಟೂ ಅದರೊಳಗಿಂದ ಕಾಣುತ್ತಿತ್ತು.